ಮತ ಕೇಳದೆ ಅಧ್ಯಕ್ಷೆಯಾದವಳು: ಒಂದು ಟಿವಿ ಧಾರಾವಾಹಿ, ಒಂದಿಷ್ಟು ಸಂವಿಧಾನ

ಅಮೆರಿಕದ ಅಧ್ಯಕ್ಷ ಟೆಡ್ಡಿ ಬ್ರಿಜಸ್ ದಿಢೀರನೆ ಕುಸಿದು ಆಸ್ಪತ್ರೆ ಸೇರಿದ್ದಾರೆ. ಉಪಾಧ್ಯಕ್ಷೆ ಮೆಕೆಂಜಿ ಆಲನ್ ಆಗ ಪ್ಯಾರಿಸ್‌ನಲ್ಲಿದ್ದಾಳೆ. ಸುದ್ದಿ ತಿಳಿದು ಓಡಿ ಬಂದವಳಿಗೆ ಸಿಗುವುದು ವಿಚಿತ್ರವಾದ ಕೋರಿಕೆ: ರಾಜೀನಾಮೆ ಕೊಟ್ಟುಬಿಡು. ಯಾಕೆಂದರೆ ಅವಳು ಯಾವ ಪಕ್ಷಕ್ಕೂ ಸೇರದವಳು. ಹೆಂಗಸರ ಮತಕ್ಕಾಗಿ ಅವಳನ್ನು ಜೊತೆಗೆ ನಿಲ್ಲಿಸಿಕೊಂಡಿದ್ದ ರಿಪಬ್ಲಿಕನ್ನರಿಗೆ ಈಗ ‘ನಮ್ಮವನೇ’ ಬೇಕು. ಆ ನಮ್ಮವನು ಸಂಸತ್ತಿನ ಕೆಳಮನೆಯ (ಹೌಸ್) ಸ್ಪೀಕರ್ ನೇಥನ್ ಟೆಂಪಲ್‌ಟನ್.

2005ರ ಸೆಪ್ಟೆಂಬರ್ 27ರಂದು ಎಬಿಸಿ ವಾಹಿನಿಯಲ್ಲಿ ಶುರುವಾದ ‘ಕಮಾಂಡರ್ ಇನ್ ಚೀಫ್’ (ಸೈನ್ಯದ ಮಹಾದಂಡನಾಯಕ) ಧಾರಾವಾಹಿಯ ಮೊದಲ ಕಂತು ಹೀಗೆ ಆರಂಭವಾಗುತ್ತದೆ. ಮೆಕೆಂಜಿಯಾಗಿ ಜೀನಾ ಡೇವಿಸ್, ಟೆಂಪಲ್‌ಟನ್ ಆಗಿ ಡೊನಾಲ್ಡ್ ಸದರ್ಲೆಂಡ್. ರಾಡ್ ಲೂರಿ ಇದನ್ನು ಹುಟ್ಟುಹಾಕಿದವರು. ಹೆಣ್ಣೊಬ್ಬಳು ಶ್ವೇತಭವನಕ್ಕೆ ಬಂದರೆ ಏನೇನಾಗಬಹುದು ಎಂಬ ಕುತೂಹಲಕ್ಕೆ ಜನ ಇದನ್ನು ನೋಡಿದರು. ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯದೇ ಪ್ರಶ್ನೆ. ಇಷ್ಟು ದೊಡ್ಡ ಕುರ್ಚಿಗೆ ಒಬ್ಬಳನ್ನು ಚುನಾವಣೆಯೇ ಇಲ್ಲದೆ ತಂದು ಕೂರಿಸಲು ಕಥೆಗಾರರು ಯಾವ ಬಾಗಿಲು ಹುಡುಕಿದರು? ಆ ಬಾಗಿಲು ಅಮೆರಿಕದ ಸಂವಿಧಾನದಲ್ಲೇ ಇದೆ. ಅದು ಹೇಗೆ ತೆರೆಯುತ್ತದೆ ಎಂದು ಗೊತ್ತಿದ್ದರೆ ಈ ಧಾರಾವಾಹಿಯೂ ಅರ್ಥವಾಗುತ್ತದೆ, ಇದರ ನಂತರ ಬಂದ ಇಂಥವೇ ಹಲವು ಧಾರಾವಾಹಿಗಳೂ ಅರ್ಥವಾಗುತ್ತವೆ.

ಅದಕ್ಕೂ ಮೊದಲು ಒಂದು ಮಾತು. ನಮ್ಮ ರಾಷ್ಟ್ರಪತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕಥೆ ನೋಡಿದರೆ ಏನೂ ತಿಳಿಯುವುದಿಲ್ಲ. ಪ್ರತಿಭಾ ಪಾಟೀಲ್ 2007ರಲ್ಲಿ, ದ್ರೌಪದಿ ಮುರ್ಮು 2022ರಲ್ಲಿ ರಾಷ್ಟ್ರಪತಿಯಾದಾಗ ಹೆಣ್ಣಿನ ಕೈಗೆ ಸೈನ್ಯ ಹೋಯಿತಲ್ಲಪ್ಪ ಎಂದು ಇಲ್ಲಿ ಯಾರೂ ಗಾಬರಿಯಾಗಲಿಲ್ಲ. ಸೈನ್ಯದ ಪರಮಾಧಿಕಾರ ನಮ್ಮ ರಾಷ್ಟ್ರಪತಿಗೂ ಇದೆ, ಆದರೆ ಅದು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ಅಮೆರಿಕದಲ್ಲಿ ರಾಷ್ಟ್ರಪತಿ, ಪ್ರಧಾನಿ ಎರಡೂ ಒಬ್ಬರೇ. ಮಂತ್ರಿಗಳು ಆ ಒಬ್ಬರು ಆರಿಸಿಕೊಂಡ ಸಹಾಯಕರು. ಮೊದಲ ಕಂತಿನಲ್ಲೇ ನೈಜೀರಿಯಾದಲ್ಲಿ ವ್ಯಭಿಚಾರದ ಆರೋಪಕ್ಕೆ ಮರಣದಂಡನೆ ಎದುರಿಸುತ್ತಿರುವ ಹೆಂಗಸೊಬ್ಬಳನ್ನು ಬಿಡಿಸಲು ಮೆಕೆಂಜಿ ಸೈನ್ಯವನ್ನು ಬಳಸುತ್ತಾಳೆ. ಆ ಶೀರ್ಷಿಕೆಯ ತೂಕ ಇರುವುದು ಅಲ್ಲಿ.

ಈಗ ರಾಜೀನಾಮೆಯ ವಿಚಾರ. ಅಧ್ಯಕ್ಷನಿಗೆ ಉಪಾಧ್ಯಕ್ಷೆ ಬೇಡವಾದರೆ ಕಿತ್ತುಹಾಕಬಹುದಲ್ಲ, ಯಾಕೆ ಕೇಳಿಕೊಳ್ಳಬೇಕು? ಆಗುವುದಿಲ್ಲ. ಮಂತ್ರಿಗಳನ್ನು ಅಧ್ಯಕ್ಷ ಬೆಳಿಗ್ಗೆ ನೇಮಿಸಲು ಹೊರಟು ಸಂಜೆ ಕೈಬಿಡಬಹುದು, ಉಪಾಧ್ಯಕ್ಷರನ್ನು ಮಾತ್ರ ಮುಟ್ಟುವಂತಿಲ್ಲ. ಅವರು ಅಧ್ಯಕ್ಷರ ಜೊತೆಗೇ ಚುನಾಯಿತರಾದವರು. ಅವರನ್ನು ತೆಗೆಯಲು ಕಾಂಗ್ರೆಸ್ಸೇ, ಎಂದರೆ ಅಮೆರಿಕದ ಸಂಸತ್ತೇ, ಮಹಾಭಿಯೋಗ ನಡೆಸಬೇಕು. ಹಾಗಾಗಿ ಟೆಂಪಲ್‌ಟನ್‌ಗೆ ಉಳಿದ ದಾರಿ ಒಂದೇ, ಅವಳು ತಾನಾಗಿ ಹೋಗುವಂತೆ ಮಾಡುವುದು. ಅವಳೂ ಬಹುಮಟ್ಟಿಗೆ ಒಪ್ಪಿರುತ್ತಾಳೆ. ಕೊನೆಗೆ ಎದುರಾಬದುರು ಕೂತು ಮಾತಾಡುವಾಗ ಟೆಂಪಲ್‌ಟನ್ ಆಡುವ ಸಸಾರದ ಮಾತುಗಳೇ ಅವಳ ಮನಸ್ಸನ್ನು ತಿರುಗಿಸುತ್ತವೆ. ಅವನು ಆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಧಾರಾವಾಹಿಯೇ ಇರುತ್ತಿರಲಿಲ್ಲ.

ಅವಳು ಬಿಟ್ಟರೆ ಸ್ಪೀಕರ್‌ಗೇ ಯಾಕೆ ಕುರ್ಚಿ? ಅಮೆರಿಕದ ಸ್ಪೀಕರ್ ನಮ್ಮ ಲೋಕಸಭಾಧ್ಯಕ್ಷರ ಹಾಗೆ ಪಕ್ಷದಿಂದ ದೂರ ನಿಂತು ಸದನ ನಡೆಸುವವರಲ್ಲ. ಕೆಳಮನೆಯಲ್ಲಿ ಬಹುಮತ ಇರುವ ಪಕ್ಷದ ನಾಯಕ ಅವರೇ. ಯಾವ ಮಸೂದೆ ಚರ್ಚೆಗೆ ಬರಬೇಕು, ಯಾವುದು ಕಪಾಟಿನಲ್ಲಿ ಕೊಳೆಯಬೇಕು ಎಂಬುದೂ ಅವರ ಕೈಯಲ್ಲೇ. ಇಂಥವರನ್ನು ಉತ್ತರಾಧಿಕಾರದ ಸಾಲಿನಲ್ಲಿ ಉಪಾಧ್ಯಕ್ಷರ ಹಿಂದೆಯೇ ನಿಲ್ಲಿಸಿದ್ದು 1947ರ ಕಾನೂನು. ಅದರ ಹಿಂದೆ ಹ್ಯಾರಿ ಟ್ರೂಮನ್ ಇದ್ದರು. 1945ರ ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ತೀರಿಕೊಂಡು ಟ್ರೂಮನ್ ಅಧ್ಯಕ್ಷರಾದಾಗ ಉಪಾಧ್ಯಕ್ಷ ಸ್ಥಾನ ಖಾಲಿ ಬಿತ್ತು. ಅದನ್ನು ತುಂಬುವ ವ್ಯವಸ್ಥೆಯೇ ಆಗ ಇರಲಿಲ್ಲ. 1886ರ ಕಾನೂನಿನ ಪ್ರಕಾರ ಸಾಲಿನಲ್ಲಿ ಮುಂದಿದ್ದವರು ವಿದೇಶಾಂಗ ಮಂತ್ರಿ, ಎಂದರೆ ಟ್ರೂಮನ್ ಸ್ವತಃ ನೇಮಿಸುವ ವ್ಯಕ್ತಿ. ನನ್ನ ಉತ್ತರಾಧಿಕಾರಿಯನ್ನು ನಾನೇ ನೇಮಿಸುವುದು ಪ್ರಜಾಪ್ರಭುತ್ವಕ್ಕೆ ಸರಿಯಲ್ಲ, ಜನರಿಂದ ಆಯ್ಕೆಯಾದವರು ಅಲ್ಲಿರಲಿ ಎಂಬುದು ಅವರ ವಾದ. ತಮಾಷೆಯೆಂದರೆ ಕಾನೂನಿಗೆ ಸಹಿ ಬೀಳುವ ಹೊತ್ತಿಗೆ ಕೆಳಮನೆ ವಿರೋಧ ಪಕ್ಷದ ಕೈಗೆ ಹೋಗಿತ್ತು. ಡೆಮಾಕ್ರಟ್ ಟ್ರೂಮನ್‌ಗೆ ಏನಾದರೂ ಆಗಿದ್ದರೆ ರಿಪಬ್ಲಿಕನ್ ಸ್ಪೀಕರ್ ಕುರ್ಚಿಯಲ್ಲಿರುತ್ತಿದ್ದರು. ಆದರೂ ಸಹಿ ಹಾಕಿದರು. ಸ್ಪೀಕರ್ ನಂತರ ಮೇಲ್ಮನೆಯಾದ ಸೆನೆಟ್‌ನ ಹಂಗಾಮಿ ಸಭಾಪತಿ, ಆಮೇಲೆ ಮಂತ್ರಿಗಳು, ಅವರವರ ಖಾತೆ ಹುಟ್ಟಿದ ಕಾಲಾನುಕ್ರಮದಲ್ಲಿ.

ಬ್ರಿಜಸ್ ತೀರಿಕೊಳ್ಳುತ್ತಾರೆ, ಮೆಕೆಂಜಿ ಪ್ರಮಾಣವಚನ ಸ್ವೀಕರಿಸುತ್ತಾಳೆ. ಈಗ ಅವಳು ಹಂಗಾಮಿಯೋ, ಪೂರ್ಣಾವಧಿಯೋ?

ಅಮೆರಿಕಕ್ಕೆ ಈ ಪ್ರಶ್ನೆ ಮೊದಲು ಎದುರಾದದ್ದು 1841ರಲ್ಲಿ. ವಿಲಿಯಂ ಹೆನ್ರಿ ಹ್ಯಾರಿಸನ್ ಅಧಿಕಾರಕ್ಕೆ ಬಂದ ಒಂದೇ ತಿಂಗಳಿಗೆ ತೀರಿಕೊಂಡರು. ಅಧಿಕಾರದಲ್ಲಿರುವಾಗಲೇ ಸತ್ತ ಮೊದಲ ಅಧ್ಯಕ್ಷ ಅವರು. ಅಂಥ ಸಂದರ್ಭದಲ್ಲಿ ಉಪಾಧ್ಯಕ್ಷನಿಗೆ ಬರುವುದು ಅಧ್ಯಕ್ಷ ಪದವಿಯೋ, ಬರೀ ಅದರ ಕೆಲಸವೋ ಎಂದು ಸಂವಿಧಾನ ಬಿಡಿಸಿ ಹೇಳಿರಲಿಲ್ಲ. ಜಾನ್ ಟೈಲರ್ ಚರ್ಚೆಗೆ ಕಾಯಲಿಲ್ಲ. ನಾನೇ ಅಧ್ಯಕ್ಷ, ಪೂರಾ ಅಧ್ಯಕ್ಷ ಎಂದು ಪ್ರಮಾಣ ಮಾಡಿ ಕೂತರು. ವಿರೋಧಿಗಳು ‘ಆಕಸ್ಮಿಕ ಮಹಾಶಯ’ ಎಂದು ಆಡಿಕೊಂಡರು. ‘ಹಂಗಾಮಿ ಅಧ್ಯಕ್ಷರಿಗೆ’ ಎಂದು ವಿಳಾಸ ಬರೆದ ಕಾಗದಗಳನ್ನು ಟೈಲರ್ ಒಡೆಯದೆಯೇ ವಾಪಸು ಕಳಿಸುತ್ತಿದ್ದರಂತೆ. ಆ ಹಠವೇ ಪದ್ಧತಿಯಾಯಿತು. 1967ರ 25ನೇ ತಿದ್ದುಪಡಿ ಅದನ್ನು ಬರವಣಿಗೆಗೆ ಇಳಿಸಿತು. ಅಧ್ಯಕ್ಷ ಸತ್ತರೆ, ರಾಜೀನಾಮೆ ಕೊಟ್ಟರೆ ಅಥವಾ ಪದಚ್ಯುತನಾದರೆ ಉಪಾಧ್ಯಕ್ಷರು ಅಧ್ಯಕ್ಷರೇ ಆಗುತ್ತಾರೆ, ಉಳಿದ ಅವಧಿ ಪೂರ್ತಿ. ಹೀಗೆ ಕುರ್ಚಿ ಏರಿದವರು ಇದುವರೆಗೆ 9 ಮಂದಿ. 8 ಮಂದಿ ಸಾವಿನಿಂದ, ಜೆರಾಲ್ಡ್ ಫೋರ್ಡ್ ಮಾತ್ರ ನಿಕ್ಸನ್ ರಾಜೀನಾಮೆಯಿಂದ. ಎಲ್ಲರೂ ಗಂಡಸರು.

ನಮ್ಮಲ್ಲಿ ಟೈಲರ್ ಆಟ ನಡೆಯುವುದಿಲ್ಲ. ಅದಕ್ಕೆ ಸಾಕ್ಷಿ ನಮ್ಮ ಜಮಖಂಡಿ ಸೀಮೆಯವರೇ ಆದ ಬಿ.ಡಿ. ಜತ್ತಿ. 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು, 1974ರಲ್ಲಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಹಂಗಾಮಿ ಎಂದರೆ ಹಂಗಾಮಿಯೇ: 6 ತಿಂಗಳೊಳಗೆ ಹೊಸ ಚುನಾವಣೆ ನಡೆಯಲೇಬೇಕು ಎನ್ನುತ್ತದೆ ನಮ್ಮ ಸಂವಿಧಾನ. ಆ ಅಲ್ಪಾವಧಿಯಲ್ಲೇ ಅವರು ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದರು, 9 ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತಕ್ಕೆ ಒಡನೆ ಸಹಿ ಹಾಕದೆ ತಡೆದು, ಆಮೇಲೆ ಹಾಕಿದರು. ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ಬಂದರು, ಜತ್ತಿಯವರು ತಮ್ಮ ಉಪರಾಷ್ಟ್ರಪತಿ ಸ್ಥಾನಕ್ಕೆ ಮರಳಿದರು. ಅದೇ ಜತ್ತಿ ಅಮೆರಿಕದಲ್ಲಿದ್ದಿದ್ದರೆ ಉಳಿದ ಎರಡೂವರೆ ವರ್ಷ ಅವರೇ ರಾಷ್ಟ್ರಪತಿ. ಮೆಕೆಂಜಿ ಆಲನ್ ಕಥೆಯನ್ನು ದೆಹಲಿಗೆ ತಂದು ಬರೆಯಲು ಯಾಕೆ ಆಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಇಲ್ಲಿ ಅವಳಿಗೆ ಆರು ತಿಂಗಳೂ ಸಿಗುತ್ತಿರಲಿಲ್ಲ.

ಸಾವು ಸ್ಪಷ್ಟ. ಬದುಕಿದ್ದೂ ಕೆಲಸ ಮಾಡಲಾಗದ ಅಧ್ಯಕ್ಷನದೇ ತೊಡಕು. ಧಾರಾವಾಹಿ ಇದನ್ನೂ ಬಳಸಿಕೊಂಡಿದೆ, ಆದರೆ ನಿಜವಾದ ಇತಿಹಾಸ ಅದಕ್ಕಿಂತ ರೋಚಕವಾಗಿದೆ. 1881ರಲ್ಲಿ ಗುಂಡೇಟು ತಿಂದ ಗಾರ್‌ಫೀಲ್ಡ್ ಜುಲೈನಿಂದ ಸೆಪ್ಟೆಂಬರ್‌ವರೆಗೆ ಹಾಸಿಗೆ ಹಿಡಿದಿದ್ದರು. ಆ ಅಷ್ಟೂ ದಿನ ಉಪಾಧ್ಯಕ್ಷ ಆರ್ಥರ್ ಅಧಿಕಾರ ವಹಿಸಿಕೊಳ್ಳಲಿಲ್ಲ, ದೇಶಕ್ಕೆ ಅಧ್ಯಕ್ಷನಿದ್ದೂ ಇರಲಿಲ್ಲ. 1919ರ ಅಕ್ಟೋಬರ್‌ನಲ್ಲಿ ವುಡ್ರೊ ವಿಲ್ಸನ್‌ಗೆ ಪಾರ್ಶ್ವವಾಯು ಬಡಿಯಿತು. ಅವರ ಹೆಂಡತಿ ಎಡಿತ್ ಬಾಗಿಲಲ್ಲಿ ನಿಂತರು. ಮಂತ್ರಿಗಳ ಕಾಗದಗಳಲ್ಲಿ ಯಾವುದು ಒಳಗೆ ಹೋಗಬೇಕು, ಯಾವುದು ಬೇಡ, ಯಾರು ಗಂಡನನ್ನು ನೋಡಬಹುದು ಎಂಬುದೆಲ್ಲ ಅವರ ತೀರ್ಮಾನ. ಸರ್ಕಾರದ ಒಂದೇ ಒಂದು ನಿರ್ಧಾರವನ್ನೂ ನಾನು ಮಾಡಲಿಲ್ಲ, ಯಾವುದು ಮುಖ್ಯ ಯಾವುದು ಅಲ್ಲ ಎಂದಷ್ಟೇ ಆರಿಸಿದೆ ಎಂಬರ್ಥದಲ್ಲಿ ಅವರು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು. ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ‘ಅಷ್ಟೇ’ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ. ದೇಶದಾದ್ಯಂತ ಹೆಂಗಸರಿಗೆ ಮತದ ಹಕ್ಕು ಖಚಿತವಾದದ್ದು 1920ರ ಆಗಸ್ಟ್‌ನಲ್ಲಿ. ಎಡಿತ್ ಬಾಗಿಲು ಕಾಯಲು ನಿಂತದ್ದು ಅದಕ್ಕೂ ಹತ್ತು ತಿಂಗಳು ಮೊದಲು.

ಇಂಥ ಕತ್ತಲೆ ಮತ್ತೆ ಕವಿಯಬಾರದೆಂದೇ 25ನೇ ತಿದ್ದುಪಡಿಯಲ್ಲಿ ಇನ್ನೆರಡು ಭಾಗಗಳಿವೆ. ಮೂರನೇ ಭಾಗ ಸುಲಭದ್ದು. ನನಗೆ ಕೆಲಹೊತ್ತು ಆಗುವುದಿಲ್ಲ ಎಂದು ಅಧ್ಯಕ್ಷರೇ ಕಾಂಗ್ರೆಸ್ಸಿಗೆ ಬರೆದು ಕೊಟ್ಟರೆ ಉಪಾಧ್ಯಕ್ಷರು ಹಂಗಾಮಿಯಾಗಿ ನಡೆಸುತ್ತಾರೆ. ಆಯಿತು ಎಂದು ಇನ್ನೊಂದು ಪತ್ರ ಬರೆದರೆ ಅಧಿಕಾರ ವಾಪಸು. ನಾಲ್ಕನೇ ಭಾಗ ಉಗ್ರವಾದದ್ದು. ಉಪಾಧ್ಯಕ್ಷರೂ ಬಹುಪಾಲು ಮಂತ್ರಿಗಳೂ ಸೇರಿ ಅಧ್ಯಕ್ಷರು ಅಸಮರ್ಥರೆಂದು ಬರೆದು ಕೊಡಬಹುದು. ಅಧ್ಯಕ್ಷರು ಇಲ್ಲವೆಂದು ಹಠ ಹಿಡಿದು, ಇವರೂ ಬಿಡದಿದ್ದರೆ ಕಾಂಗ್ರೆಸ್ 21 ದಿನದೊಳಗೆ ತೀರ್ಮಾನಿಸಬೇಕು. ಅಧ್ಯಕ್ಷರನ್ನು ದೂರ ಇಡಲು ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಈ ಭಾಗವನ್ನು ಇದುವರೆಗೆ ಯಾರೂ ಬಳಸಿಲ್ಲ. ಟಿವಿ ಕಥೆಗಾರರು ಮಾತ್ರ ಆಗಾಗ ಬಳಸುತ್ತಿರುತ್ತಾರೆ.

‘ಕಮಾಂಡರ್ ಇನ್ ಚೀಫ್’ನ ಅತ್ಯಂತ ಚೆಂದದ ಗಂಟು ಇರುವುದು ಮೂರನೇ ಭಾಗದ ಸುತ್ತ. ಮೆಕೆಂಜಿಗೆ ಅಪೆಂಡಿಸೈಟಿಸ್ ಆಗಿ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅವಳು ನೇಮಿಸಿದ್ದ ಉಪಾಧ್ಯಕ್ಷ ಅಷ್ಟರಲ್ಲಿ ಹುದ್ದೆ ಬಿಟ್ಟಿದ್ದಾನೆ. ಸಾಲಿನಲ್ಲಿ ಮುಂದಿನವನು ಯಾರು? ಅದೇ ಟೆಂಪಲ್‌ಟನ್. ಅವನ ಜೀವಮಾನದ ಕನಸು ಅರಿವಳಿಕೆಯ ಸೂಜಿಯೊಂದರ ನೆಪದಲ್ಲಿ ಕೈಗೆ ಬರುತ್ತದೆ, ಆದರೆ 1947ರ ಕಾನೂನು ಬೆಲೆ ಕೇಳುತ್ತದೆ. ಸ್ಪೀಕರ್ ಹಂಗಾಮಿ ಅಧ್ಯಕ್ಷನಾಗಬೇಕಾದರೆ ಸ್ಪೀಕರ್ ಸ್ಥಾನಕ್ಕೂ ಸದನದ ಸದಸ್ಯತ್ವಕ್ಕೂ ರಾಜೀನಾಮೆ ಕೊಡಲೇಬೇಕು. ಕೆಲವೇ ಗಂಟೆಗಳ ಅಧ್ಯಕ್ಷಗಿರಿಗಾಗಿ ಇಡೀ ರಾಜಕೀಯ ಜೀವನವನ್ನು ಪಣಕ್ಕಿಡುವ ಸ್ಥಿತಿ. ಇದು ಕಥೆಗಾರರ ಕಲ್ಪನೆಯಲ್ಲ, ಕಾನೂನಿನ ಪುಸ್ತಕದಲ್ಲಿ ಅಕ್ಷರಶಃ ಇರುವುದು. ಸದರ್ಲೆಂಡ್‌ನಂಥ ನಟನ ಕೈಗೆ ಇಂಥದ್ದು ಸಿಕ್ಕರೆ ಕೇಳಬೇಕೆ.

ವಾಸ್ತವದಲ್ಲಿ ಈ ಭಾಗ ಬಳಕೆಯಾದಾಗ ಇಷ್ಟೊಂದು ನಾಟಕ ನಡೆಯಲಿಲ್ಲ. 2021ರ ನವೆಂಬರ್ 19ರಂದು ಬೈಡನ್ ಕರುಳಿನ ತಪಾಸಣೆಗೆ ಅರಿವಳಿಕೆ ತೆಗೆದುಕೊಂಡಾಗ ಕಮಲಾ ಹ್ಯಾರಿಸ್ 85 ನಿಮಿಷ ಹಂಗಾಮಿ ಅಧ್ಯಕ್ಷೆಯಾಗಿದ್ದರು. ಅಮೆರಿಕದ ಅಧ್ಯಕ್ಷಾಧಿಕಾರ ಕಾನೂನುಬದ್ಧವಾಗಿ ಹೆಣ್ಣೊಬ್ಬರ ಕೈಯಲ್ಲಿದ್ದದ್ದು ಅಷ್ಟು ಹೊತ್ತು ಮಾತ್ರ.

ಉಪಾಧ್ಯಕ್ಷ ಸ್ಥಾನ ಖಾಲಿಯಾದರೆ ತುಂಬುವುದು ಹೇಗೆ ಎಂಬುದೂ ಅದೇ ತಿದ್ದುಪಡಿಯಲ್ಲಿದೆ: ಅಧ್ಯಕ್ಷರು ಹೆಸರಿಸಬೇಕು, ಎರಡೂ ಮನೆಗಳು ಒಪ್ಪಬೇಕು. ಇದರ ವಿಚಿತ್ರ ಫಲ 1974ರಲ್ಲಿ ಕಂಡಿತು. ಸ್ಪಿರೊ ಆಗ್ನ್ಯೂ ರಾಜೀನಾಮೆ ಕೊಟ್ಟಾಗ ನಿಕ್ಸನ್ ಹೆಸರಿಸಿದ ಫೋರ್ಡ್ ಉಪಾಧ್ಯಕ್ಷರಾದರು. ನಿಕ್ಸನ್ ಹೋದ ಮೇಲೆ ಅಧ್ಯಕ್ಷರಾಗಿ ತಾವು ನೆಲ್ಸನ್ ರಾಕ್‌ಫೆಲ್ಲರ್ ಅವರನ್ನು ಹೆಸರಿಸಿದರು. ವರ್ಷದ ಕೊನೆಗೆ ಅಧ್ಯಕ್ಷರೂ ಉಪಾಧ್ಯಕ್ಷರೂ ಆ ಹುದ್ದೆಗಳಿಗೆ ದೇಶದ ಮತ ಪಡೆಯದವರೇ ಆಗಿದ್ದರು. ಮೆಕೆಂಜಿಯನ್ನು ‘ನೀನು ಆಯ್ಕೆಯಾದವಳಲ್ಲ’ ಎಂದು ಹಂಗಿಸುವವರಿಗೆ ಫೋರ್ಡ್ ನೆನಪಾಗುವುದಿಲ್ಲ. ಅವಳಾದರೂ ಉಪಾಧ್ಯಕ್ಷೆಯಾಗಿ ಮತಪತ್ರದಲ್ಲಿದ್ದವಳು.

ಅವಳನ್ನು ಪಕ್ಷವಿಲ್ಲದವಳಾಗಿ ಮಾಡಿದ್ದರಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಡೆಮಾಕ್ರಟ್ ಮಾಡಿದರೆ ಅರ್ಧ ದೇಶ ಚಾನೆಲ್ ಬದಲಿಸುತ್ತದೆ, ರಿಪಬ್ಲಿಕನ್ ಮಾಡಿದರೆ ಇನ್ನರ್ಧ. ಆಗ ಹಿಲರಿ ಕ್ಲಿಂಟನ್ ಸೆನೆಟರ್. ಇದು ಅವರಿಗೆ ಹಾದಿ ಹಸನು ಮಾಡುವ ಪ್ರಚಾರ ಎಂಬ ದೂರು ಹೇಗೂ ಬಂದೇ ಬಂತು. ಆದರೆ ಪಕ್ಷವಿಲ್ಲದ ಅಧ್ಯಕ್ಷೆಗೆ ಕಾಂಗ್ರೆಸ್ಸಿನಲ್ಲಿ ತನ್ನದೆನ್ನುವ ಒಂದು ಮತವೂ ಇರುವುದಿಲ್ಲ. ಪ್ರತಿ ಮಸೂದೆಗೂ, ಪ್ರತಿ ನೇಮಕಕ್ಕೂ ಹೊಸದಾಗಿ ಭಿಕ್ಷೆ ಎತ್ತಬೇಕು. ಅದು ಒಳ್ಳೆಯ ನಾಟಕದ ಸಾಮಗ್ರಿ. ಧಾರಾವಾಹಿ ಅದನ್ನು ಅರ್ಧಕ್ಕೇ ಬಿಟ್ಟು ಮಕ್ಕಳ ಶಾಲೆ, ಪ್ರಥಮ ಮಹಿಳೆಯ ಕಚೇರಿಯಲ್ಲಿ ಮುಜುಗರಪಡುವ ಗಂಡ, ಜೊತೆಗಿರುವ ತಾಯಿ ಎಂದು ಮನೆಕಡೆ ಹೊರಳುತ್ತದೆ. ಗಂಡಸು ಅಧ್ಯಕ್ಷನಾದ ಕಥೆಯಲ್ಲಿ ಮಗಳ ದಿನಚರಿಯ ಬಗ್ಗೆ ಇಷ್ಟು ಹೊತ್ತು ಯಾರಾದರೂ ಕಳೆಯುತ್ತಿದ್ದರೇ?

ಆ ತಾಯಿಯ ಪಾತ್ರದಲ್ಲಿರುವವರು ಪಾಲಿ ಬರ್ಗನ್. 1964ರ ‘ಕಿಸಸ್ ಫಾರ್ ಮೈ ಪ್ರೆಸಿಡೆಂಟ್’ ಚಿತ್ರದಲ್ಲಿ ಅಮೆರಿಕದ ಅಧ್ಯಕ್ಷೆಯಾಗಿ ನಟಿಸಿದ್ದವರು ಇವರೇ. ಆ ಚಿತ್ರದ ಅಧ್ಯಕ್ಷೆ ಚುನಾವಣೆಯಲ್ಲೇ ಗೆದ್ದವಳು. ಆದರೆ ಬಸುರಿಯಾಗಿ, ರಾಜೀನಾಮೆ ಕೊಟ್ಟು, ಮನೆಗೆ ಹೋಗುತ್ತಾಳೆ. ಗೆಲ್ಲಿಸಿದರೆ ಉಳಿಸಿಕೊಳ್ಳಲು ಧೈರ್ಯವಿಲ್ಲ. 41 ವರ್ಷದ ನಂತರ ಉಳಿಸಿಕೊಳ್ಳುವ ಧೈರ್ಯ ಬಂತು, ಗೆಲ್ಲಿಸುವ ಧೈರ್ಯ ಬರಲಿಲ್ಲ.

ಆಮೇಲಿನವರನ್ನೂ ನೋಡಿ. ‘ವೀಪ್’ನ ಸೆಲಿನಾ ಮೇಯರ್ ಉಪಾಧ್ಯಕ್ಷೆ, ಅಧ್ಯಕ್ಷ ರಾಜೀನಾಮೆ ಕೊಟ್ಟಿದ್ದರಿಂದ ಕುರ್ಚಿ ಸಿಕ್ಕಿತು. ‘ಹೌಸ್ ಆಫ್ ಕಾರ್ಡ್ಸ್’ನ ಕ್ಲೇರ್ ಅಂಡರ್‌ವುಡ್‌ಗೆ ಗಂಡನೇ ಜಾಗ ಖಾಲಿ ಮಾಡಿಕೊಟ್ಟ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಲಾರಾ ರಾಸ್ಲಿನ್ ಶಿಕ್ಷಣ ಮಂತ್ರಿ, ಸಾಲಿನಲ್ಲಿ 43ನೆಯವಳು. ಅವಳನ್ನು ಅಧ್ಯಕ್ಷೆ ಮಾಡಲು ಮನುಕುಲವನ್ನೇ ಬಹುಪಾಲು ನಾಶಮಾಡಬೇಕಾಯಿತು. ‘24’ರ ಆಲಿಸನ್ ಟೇಲರ್, ‘ಮೇಡಂ ಸೆಕ್ರೆಟರಿ’ಯ ಎಲಿಜಬೆತ್ ಮೆಕಾರ್ಡ್ ಮತ ಪಡೆದೇ ಗೆದ್ದವರು ನಿಜ. ಆದರೆ ಆ ಪ್ರಚಾರ, ಆ ಎಣಿಕೆಯ ರಾತ್ರಿ ನಮಗೆ ಕಾಣುವುದಿಲ್ಲ. ಅಧ್ಯಕ್ಷೆಯಾಗಿ ಅವರ ಕಥೆ ಶುರುವಾಗುವಾಗ ಅದೆಲ್ಲ ಮುಗಿದಿರುತ್ತದೆ.

ಇದು ಕಥೆಗಾರರ ಅಳುಕು ಮಾತ್ರವೇ? ಪೂರ್ತಿ ಅಲ್ಲ. ಬಾಗಿಲು ಇದ್ದರೆ ತಾನೇ ನುಗ್ಗುವುದು. ದಕ್ಷಿಣ ಕೊರಿಯಾದಲ್ಲಿ ಉಪಾಧ್ಯಕ್ಷ ಹುದ್ದೆಯೇ ಇಲ್ಲ. ಅಧ್ಯಕ್ಷ ಸ್ಥಾನ ಖಾಲಿಯಾದರೆ ಪ್ರಧಾನಿ ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಾರೆ, 60 ದಿನದೊಳಗೆ ಚುನಾವಣೆ. ಹಾಗಾಗಿ 2010ರಲ್ಲಿ ಎಸ್‌ಬಿಎಸ್ ವಾಹಿನಿಯಲ್ಲಿ ಬಂದ ‘ದೇಮುಲ್’ ಧಾರಾವಾಹಿಯ ನಾಯಕಿ ಸೊ ಹೇ ರಿಮ್‌ಗೆ ಅಡ್ಡದಾರಿಯೇ ಸಿಗಲಿಲ್ಲ. ಟಿವಿ ನಿರೂಪಕಿಯಾಗಿದ್ದವಳು ಅಫ್ಘಾನಿಸ್ತಾನದಲ್ಲಿ ಗಂಡನನ್ನು ಕಳೆದುಕೊಂಡು ಸರ್ಕಾರದ ವಿರುದ್ಧ ದನಿ ಎತ್ತುತ್ತಾಳೆ. ಉಪಚುನಾವಣೆಯಲ್ಲಿ ಗೆಲ್ಲುತ್ತಾಳೆ, ಪ್ರಾಂತ್ಯದ ಗವರ್ನರ್ ಆಗುತ್ತಾಳೆ (ಅಲ್ಲಿ ಅದೂ ಚುನಾಯಿತ ಹುದ್ದೆ), ಕೊನೆಗೆ ಅಧ್ಯಕ್ಷೆ. ಪ್ರತಿ ಮೆಟ್ಟಿಲಲ್ಲೂ ಮತ ಕೇಳಬೇಕು. ಕಥೆಯಲ್ಲಿ ಅವಳ ಮೇಲೆ ಮಹಾಭಿಯೋಗವೂ ಬರುತ್ತದೆ. ಅದೂ ಆ ದೇಶದ ಸಂವಿಧಾನದಿಂದಲೇ ಎತ್ತಿಕೊಂಡದ್ದು: ಸಂಸತ್ತಿನ ಮೂರನೇ ಎರಡು ಭಾಗ ಮತ ಹಾಕಬೇಕು, ಆಮೇಲೆ ಸಂವಿಧಾನ ನ್ಯಾಯಾಲಯದ 9 ನ್ಯಾಯಾಧೀಶರಲ್ಲಿ 6 ಮಂದಿ ಒಪ್ಪಬೇಕು. ಧಾರಾವಾಹಿ ಮುಗಿದ ಎರಡೇ ವರ್ಷಕ್ಕೆ, 2012ರ ಡಿಸೆಂಬರ್‌ನಲ್ಲಿ, ಪಾರ್ಕ್ ಗುನ್ ಹೇ ಕೊರಿಯಾದ ಮೊದಲ ಅಧ್ಯಕ್ಷೆಯಾಗಿ ಚುನಾಯಿತರಾದರು. 2017ರ ಮಾರ್ಚ್ 10ರಂದು ಅದೇ ನ್ಯಾಯಾಲಯ ಅವರನ್ನು ಪದಚ್ಯುತಗೊಳಿಸಿತು, ಮೇ 9ಕ್ಕೆ ಹೊಸ ಚುನಾವಣೆ. ಲೆಕ್ಕ ಹಾಕಿ, ಸರಿಯಾಗಿ 60 ದಿನ.

ಡೆನ್ಮಾರ್ಕಿನ ‘ಬೋರ್ಗನ್’ನಲ್ಲಿ ಮಧ್ಯಮ ಗಾತ್ರದ ಪಕ್ಷವೊಂದರ ನಾಯಕಿ ಸಮ್ಮಿಶ್ರ ಸರ್ಕಾರದ ಲೆಕ್ಕಾಚಾರದಲ್ಲಿ ಪ್ರಧಾನಿಯಾಗುತ್ತಾಳೆ. 2018ರಲ್ಲಿ 37 ಸ್ಥಾನ ಗೆದ್ದ ಪಕ್ಷದಿಂದ ಮುಖ್ಯಮಂತ್ರಿ ಬಂದದ್ದನ್ನು ಕಂಡ ನಮಗೆ ಅದರ ವಿವರಣೆ ಬೇಕಾಗಿಲ್ಲ.

ಮತ್ತೆ ಮೆಕೆಂಜಿಗೆ ಬರೋಣ. ಮೊದಲ ಕಂತನ್ನು ಸುಮಾರು 1.6 ಕೋಟಿ ಜನ ನೋಡಿದರು. ಆಮೇಲೆ ಇಳಿಮುಖ. ಕಂತುಗಳು ಸಮಯಕ್ಕೆ ತಯಾರಾಗದೆ ರಾಡ್ ಲೂರಿಯನ್ನು ಕೆಲವೇ ವಾರಗಳಲ್ಲಿ ಬದಲಿಸಿ ಸ್ಟೀವನ್ ಬಾಚ್ಕೊಗೆ ಕೊಟ್ಟರು, ಅವರೂ ಹೋಗಿ ಡೀ ಜಾನ್ಸನ್ ಬಂದರು. ಒಂದೇ ಸೀಸನ್ನಿನಲ್ಲಿ ಮೂವರು ಸಾರಥಿಗಳು. 2006ರ ಜನವರಿಯಲ್ಲಿ ಜೀನಾ ಡೇವಿಸ್‌ಗೆ ಗೋಲ್ಡನ್ ಗ್ಲೋಬ್ ಬಂತು. ಅದಾದ ಕೆಲದಿನಕ್ಕೇ ಧಾರಾವಾಹಿಯನ್ನು ತಿಂಗಳುಗಟ್ಟಲೆ ಪರದೆಯಿಂದ ತೆಗೆದಿಟ್ಟು, ಏಪ್ರಿಲ್‌ನಲ್ಲಿ ಬೇರೆ ದಿನಕ್ಕೆ ದೂಡಿದರು. ನೋಡುಗರು ಹಿಂದೆ ಬರಲಿಲ್ಲ. 18 ಕಂತಿಗೆ ಮುಗಿಯಿತು.

ಮುಗಿಯದೇ ಇದ್ದಿದ್ದರೆ ಅವಳೂ ಮತ ಕೇಳಲೇಬೇಕಿತ್ತು. ಇನ್ನೊಬ್ಬರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಆಳಿದವರು ಸ್ವಂತವಾಗಿ ಒಂದೇ ಬಾರಿ ಆಯ್ಕೆಯಾಗಬಹುದು ಎನ್ನುತ್ತದೆ 22ನೇ ತಿದ್ದುಪಡಿ. ಟೆಂಪಲ್‌ಟನ್ ಎದುರಾಳಿಯಾಗಿ ನಿಂತಿರುತ್ತಿದ್ದ, ಆ ಚುನಾವಣೆಯೇ ನಿಜವಾದ ಕಥೆಯಾಗುತ್ತಿತ್ತು. ಅದರ ಬದಲು ಕೊನೆಯ ಕಂತಿನಲ್ಲಿ ಮೆಕೆಂಜಿ ಕೈಗೆತ್ತಿಕೊಳ್ಳುವುದು ಸಮಾನ ಹಕ್ಕುಗಳ ತಿದ್ದುಪಡಿಯನ್ನು, ಹೆಣ್ಣುಗಂಡೆಂಬ ಭೇದದಿಂದ ಹಕ್ಕು ನಿರಾಕರಿಸಬಾರದು ಎನ್ನುವುದನ್ನು. ಕಾಂಗ್ರೆಸ್ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1972ರಲ್ಲಿ. 38 ರಾಜ್ಯಗಳ ಅನುಮೋದನೆ ಬೇಕಿತ್ತು, ಗಡುವು 1982ಕ್ಕೆ ಮುಗಿಯುವಾಗ 35ಕ್ಕೇ ನಿಂತಿತ್ತು. 2020ರಲ್ಲಿ ವರ್ಜೀನಿಯಾ 38ನೇ ರಾಜ್ಯವಾಗಿ ಅನುಮೋದಿಸಿತು. ಗಡುವು ಮೀರಿದ ಅನುಮೋದನೆ ನಡೆಯುತ್ತದೆಯೇ ಎಂಬ ಜಗಳ ಇನ್ನೂ ನಡೆಯುತ್ತಿದೆ. ಆ ಕಂತು ಪ್ರಸಾರವಾದದ್ದು 2006ರ ಜೂನ್ 14ರಂದು.